ಕಲೆ ಅಂದ್ರೆ ನಾನು, ವಿಜ್ಞಾನ ಅಂದ್ರೆ ನಾವು: ಹೇಳಿದ್ದು ಯಾರು?

“ಕಲೆ ಅಂದರೆ ನಾನು, ವಿಜ್ಞಾನ ಅಂದರೆ ನಾವು.” ಈ ಮಾತು ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಕೆಳಗೆ ಕ್ಲಾಡ್ ಬರ್ನಾರ್ಡ್ ಅಂತ ಹೆಸರಿರುತ್ತದೆ, 19ನೇ ಶತಮಾನದ ಫ್ರೆಂಚ್ ವಿಜ್ಞಾನಿ. ಅಷ್ಟು ದೊಡ್ಡ ಹೆಸರು ನೋಡಿದ ಮೇಲೆ ಮೂಲ ಹುಡುಕುವ ಉಸಾಬರಿ ಯಾರಿಗೆ ಬೇಕು, ಅಲ್ವಾ?

ಮಾತು ಅವರ ಪುಸ್ತಕದಲ್ಲಿದೆ, ಅದೇನೋ ನಿಜ. ಪ್ರಯೋಗ ಮಾಡಿ ವೈದ್ಯಶಾಸ್ತ್ರವನ್ನು ಕಲಿಯುವುದು ಹೇಗೆ ಅಂತ ಅವರು 1865ರಲ್ಲಿ ತಂದ ಪುಸ್ತಕ. ಆದರೆ ಅದೇ ವಾಕ್ಯವನ್ನು ಮೊದಲಿನಿಂದ ಓದಿ ನೋಡಿ: ನಮ್ಮ ಕಾಲದ ಒಬ್ಬ ಕವಿ ಹೀಗೆ ಹೇಳಿದ್ದಾರೆ ಅಂತ ಬರ್ನಾರ್ಡ್ ಅವರೇ ಬರೆದಿದ್ದಾರೆ! ಜನ ಹಿಂದಿನ ತುಂಡು ಕತ್ತರಿಸಿ, ಕವಿಯನ್ನು ಆಚೆ ಕಳಿಸಿ, ಮಾತನ್ನು ವಿಜ್ಞಾನಿಗೇ ಬರೆದುಕೊಟ್ಟುಬಿಟ್ಟರು. (ಫ್ರೆಂಚಿನಲ್ಲಿ ಅದು ‘ಮ್ವಾ’ ಮತ್ತು ‘ನೂ’. ನಾನು-ನಾವು ಅಂತ ಕನ್ನಡದಲ್ಲೇ ಜಾಸ್ತಿ ಚೆನ್ನಾಗಿ ಕೂರುತ್ತದೆ.)

ಬರ್ನಾರ್ಡ್‌ಗೆ ಆ ಮಾತು ಯಾಕೆ ಬೇಕಾಯಿತು ಅನ್ನುವುದಕ್ಕೆ ಅವರದೇ ಒಂದು ಪ್ರಯೋಗ ನೋಡಬೇಕು. ಪ್ರಾಣಿಯ ಪಿತ್ತಜನಕಾಂಗದಲ್ಲಿ ಎಷ್ಟು ಸಕ್ಕರೆ ಇದೆ ಅಂತ ಅವರು ಎರಡೆರಡು ಸಲ ಅಳೆಯುತ್ತಿದ್ದರು. ಒಂದು ದಿನ ಟೈಮ್ ಸಾಲದೆ ಎರಡನೇ ಅಳತೆ ಮಾರನೇ ದಿನಕ್ಕೆ ಹೋಯಿತು. ನೋಡಿದರೆ ಸಕ್ಕರೆ ಜಾಸ್ತಿಯಾಗಿದೆ! ಸುಮ್ನೆ ಬಿಡಲಿಲ್ಲ. ಇನ್ನೊಂದು ಪಿತ್ತಜನಕಾಂಗ ತೆಗೆದು, ರಕ್ತನಾಳದ ಒಳಗೆ ತಣ್ಣೀರು ಹಾಯಿಸಿ, ಸಕ್ಕರೆ ಪೂರ್ತಿ ಹೋಗುವವರೆಗೆ ತೊಳೆದಿಟ್ಟರು. ಮಾರನೇ ದಿನ ಮತ್ತೆ ಸಕ್ಕರೆ. ಸಕ್ಕರೆಯಾಗಿ ಬದಲಾಗುವ ಗ್ಲೈಕೋಜೆನ್ ಅನ್ನುವ ಪದಾರ್ಥ ಒಳಗೇ ಕೂತಿತ್ತು. ಇದನ್ನು ನೀವು ತೊಳೆದರೂ ಅಷ್ಟೇ, ನಾನು ತೊಳೆದರೂ ಅಷ್ಟೇ, ಬರ್ನಾರ್ಡ್ ಕೈಯೇ ಆಗಬೇಕಿಲ್ಲ. ಅವರಿಗೆ ‘ನಾವು’ ಅಂದರೆ ಅದು.

‘ನಾನು’ ಅನ್ನುವುದರ ರುಚಿಯೂ ಅವರಿಗೆ ಗೊತ್ತಿತ್ತು. ಹುಡುಗನಾಗಿದ್ದಾಗ ಲಿಯಾನ್‌ನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾ ನಾಟಕ ಬರೆಯುತ್ತಿದ್ದರು. ಒಂದು ದುರಂತ ನಾಟಕ ಹಿಡಿದುಕೊಂಡು ಪ್ಯಾರಿಸ್‌ಗೇ ಹೋಗಿ ವಿಮರ್ಶಕ ಸೇನ್-ಮಾರ್ಕ್ ಜಿರಾರ್ಡಾನ್ ಅವರಿಗೆ ತೋರಿಸಿದರು. ಔಷಧಿ ಕೆಲಸ ಹೇಗೂ ಗೊತ್ತು, ವೈದ್ಯ ಓದಪ್ಪಾ ಅಂದರಂತೆ ಅವರು. ಆ ನಾಟಕ ಅಚ್ಚಾದದ್ದು 1878ರಲ್ಲಿ ಬರ್ನಾರ್ಡ್ ತೀರಿಕೊಂಡ ಮೇಲೆ. ಅದರ ಒಂದು ಸಾಲೂ ಈ ಎರವಲು ಸಾಲಿನಷ್ಟು ಓಡಾಡಲಿಲ್ಲ.