ಮಂಜುಗಡ್ಡೆಯ ಕಾಲ ಮೇಲೆ ನಿಂತ ಕಲ್ಲು

ಸೈಬೀರಿಯಾದ ಬೈಕಲ್ ಸರೋವರ ಜನವರಿಯಲ್ಲಿ ಹೆಪ್ಪುಗಟ್ಟಿತೆಂದರೆ ಪೂರ್ತಿ ಕರಗುವುದು ಮೇ ತಿಂಗಳ ಹೊತ್ತಿಗೆ. ಅತಿ ಆಳದ ಕಡೆ 1642 ಮೀಟರ್ ಇಳಿಯುವ ನೀರಿನ ಮೇಲೆ ಸುಮಾರು ಒಂದು ಮೀಟರ್ ದಪ್ಪದ ಗಡ್ಡೆ. ಅದೆಷ್ಟು ತಿಳಿಯೆಂದರೆ, ಬಿರುಕುಗಳು ಬಿಳಿ ನೂಲಿನಂತೆ ಒಳಗಿಳಿದಿರುವುದು ಕಾಣುತ್ತದೆ. ನಮ್ಮ ಫ್ರಿಜ್ಜಿನ ಐಸ್ ತುಂಡು ಸುತ್ತಲಿಂದಲೂ ಗಟ್ಟಿಯಾಗುತ್ತ ಬರುವುದರಿಂದ ಗಾಳಿ ನಡುವೆ ಸಿಕ್ಕಿಬಿದ್ದು ಬೆಳ್ಳಗಾಗುತ್ತದೆ. ಸರೋವರ ಹೆಪ್ಪುಗಟ್ಟುವುದು ಮೇಲಿನಿಂದ ಕೆಳಕ್ಕೆ, ನಿಧಾನವಾಗಿ. ಗಾಳಿ ಅಡಿಯ ನೀರಿಗೆ ಸರಿದುಹೋಗುತ್ತದೆ.

ಈ ತಿಳಿಯನ್ನು ಫೋಟೊದಲ್ಲಿ ಹಿಡಿಯಲು ಅಡ್ಡಿ ಬರುವುದು ಮೇಲ್ಮೈಯಲ್ಲಿ ಹೊಳೆಯುವ ಆಕಾಶ. ಗಡ್ಡೆಗೆ ಸುಮಾರು 37 ಡಿಗ್ರಿ ಓರೆಯಲ್ಲಿ ಕ್ಯಾಮೆರಾ ಹಿಡಿದರೆ ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಆ ಹೊಳಪನ್ನು ಬಹುಪಾಲು ಅಳಿಸುತ್ತದೆ. ನೆಟ್ಟಗೆ ಕೆಳಗೆ ನೋಡಿದರೆ ಫಿಲ್ಟರ್ ಇದ್ದೂ ಇಲ್ಲದಂತೆ.

ಆದರೆ ನನ್ನನ್ನು ಬಿಡದೆ ಕಾಡಿದ್ದು ಅಲ್ಲಿನ ಇನ್ನೊಂದು ಚಿತ್ರ: ತೆಳ್ಳನೆಯ ಮಂಜಿನ ಕಾಲಿನ ಮೇಲೆ, ಅಣಬೆಯ ಕೊಡೆಯಂತೆ ನಿಂತ ಚಪ್ಪಟೆ ಕಲ್ಲು. ಇದಕ್ಕೆ 'ಬೈಕಲ್ ಝೆನ್' ಎಂದು ಹೆಸರು. ಬಿಸಿಲಿಗೆ ಕಲ್ಲು ಕಾದು, ಅಡಿಯ ಗಡ್ಡೆ ಕರಗಿ, ಅದು ಹೂತುಹೋಗಬೇಕಿತ್ತಲ್ಲವೇ? 2021ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳಾದ ನಿಕೋಲಾ ತಾಬೆರ್ಲೆ ಮತ್ತು ನಿಕೋಲಾ ಪ್ಲಿಯೋ ಇದರ ಗುಟ್ಟು ಬಿಡಿಸಿದರು. ಅಲ್ಲಿನ ಗಾಳಿ ಒಣಗಾಳಿ, ಚಳಿ ಸೊನ್ನೆಗಿಂತ ಬಹಳ ಕೆಳಗೆ. ಗಡ್ಡೆ ನೀರಾಗುವುದೇ ಇಲ್ಲ. ಡಬ್ಬಿಯ ಮುಚ್ಚಳ ತೆರೆದಿಟ್ಟ ಕರ್ಪೂರದಂತೆ ನೇರವಾಗಿ ಆವಿಯಾಗಿ ಸವೆಯುತ್ತದೆ. ಇದೇ ಉತ್ಪತನ. ಅದಕ್ಕೆ ಬೇಕಾದ ಶಕ್ತಿ ಬಿಸಿಲಿನದು. ಕಲ್ಲಿನ ನೆರಳಿದ್ದ ಕಡೆ ಸವೆತ ಕಡಿಮೆ, ಸುತ್ತಲೂ ಹೆಚ್ಚು. ಕಲ್ಲು ಮೇಲೇಳುವುದಿಲ್ಲ; ಸುತ್ತಲಿನ ನೆಲವೇ ಕುಸಿಯುತ್ತದೆ! ಪ್ರಯೋಗಾಲಯದಲ್ಲಿ ಗಡ್ಡೆಯ ಮೇಲೆ ಲೋಹದ ಬಿಲ್ಲೆಗಳನ್ನಿಟ್ಟು ಅವರು ಇಂಥದೇ ಕಾಲುಗಳನ್ನು ಬೆಳೆಸಿದರು.

ಬಿಸಿಲಿಗೆ ಕಾದ ಕಲ್ಲು ಸುಮ್ಮನೇನೂ ಇರುವುದಿಲ್ಲ. ಅದು ಸೂಸುವ, ಕಣ್ಣಿಗೆ ಕಾಣದ ಶಾಖದ ಅವಕೆಂಪು ಕಿರಣಗಳು ಕಾಲಿನ ಬುಡದ ಸುತ್ತ ಬಟ್ಟಲಿನಂಥ ತಗ್ಗನ್ನು ಕೊರೆಯುತ್ತವೆ. ಅನೇಕ ಫೋಟೊಗಳಲ್ಲಿ ಈ ತಗ್ಗೇ ಕಾಣೆ. ನಡುಹಗಲಲ್ಲಿ, ನಿಂತ ಎತ್ತರದಿಂದ ತೆಗೆದರೆ ಅದು ಬಿಳಿಯಲ್ಲಿ ಕರಗಿಹೋಗುತ್ತದೆ. ಮೊಣಕಾಲೂರಿ, ಕ್ಯಾಮೆರಾವನ್ನು ಗಡ್ಡೆಗೆ ತುಸುವೇ ಮೇಲೆ ಹಿಡಿದು, ಸಂಜೆಯ ಅಡ್ಡಬಿಸಿಲಿಗೆ ಕಾಯಬೇಕು. ಆಗ ತಗ್ಗಿನ ಒಂದು ಅಂಚು ಹೊಳೆದು, ಇನ್ನೊಂದು ನೀಲಿ ನೆರಳಿಗೆ ಸರಿಯುತ್ತದೆ.