ಕಕ್ಷೆಯ ಬಾಡಿಗೆ

2009ರ ಫೆಬ್ರವರಿ 10ರಂದು ಸೈಬೀರಿಯಾದ ತೈಮಿರ್ ಪರ್ಯಾಯ ದ್ವೀಪದ ಮೇಲೆ, 789 ಕಿಲೋಮೀಟರ್ ಎತ್ತರದಲ್ಲಿ, ಎರಡು ಉಪಗ್ರಹಗಳು ಡಿಕ್ಕಿ ಹೊಡೆದವು. ಒಂದು, ಕೆಲಸ ಮಾಡುತ್ತಿದ್ದ ಸಂವಹನ ಉಪಗ್ರಹ ಇರಿಡಿಯಂ-33. ಇನ್ನೊಂದು, ಎಷ್ಟೋ ವರ್ಷಗಳಿಂದ ನಿಷ್ಕ್ರಿಯವಾಗಿ ಸುತ್ತುತ್ತಿದ್ದ ರಷ್ಯಾದ ಕಾಸ್ಮೋಸ್-2251. ಒಂದಕ್ಕೊಂದು ಎದುರಾದ ವೇಗ ಸೆಕೆಂಡಿಗೆ 11.7 ಕಿ.ಮೀ. ರಾಡಾರ್ ಕಣ್ಣಿಗೆ ಬೀಳುವಷ್ಟು ದೊಡ್ಡ ಚೂರುಗಳೇ ಸುಮಾರು ಎರಡು ಸಾವಿರ ಹುಟ್ಟಿದವು. ಸಾರ್ವಜನಿಕ ಕಕ್ಷಾ ಮಾಹಿತಿ ಇಟ್ಟುಕೊಂಡು ಮಾಡಿದ್ದ ಮುನ್ಲೆಕ್ಕದ ಪ್ರಕಾರ ಇವೆರಡೂ 584 ಮೀಟರ್ ಅಂತರದಲ್ಲಿ ಹಾದುಹೋಗಬೇಕಿತ್ತು.

ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಎರಡು ವಸ್ತುಗಳ ತ್ರಿಜ್ಯಗಳ ಮೊತ್ತ 5 ಮೀಟರ್, ಲೆಕ್ಕ ಹೇಳುವ ಅಂತರ 200 ಮೀಟರ್ ಎಂದಿಟ್ಟುಕೊಳ್ಳಿ. ಸ್ಥಾನದ ಅನಿಶ್ಚಿತತೆ 50 ಮೀಟರ್ ಇದ್ದರೆ ಡಿಕ್ಕಿಯ ಸಂಭವನೀಯತೆ ಹತ್ತು ಲಕ್ಷದಲ್ಲಿ ಎರಡಕ್ಕಿಂತ ಕಡಿಮೆ. ಅನಿಶ್ಚಿತತೆ 140 ಮೀಟರಿಗೆ ಏರಿದರೆ ಸಂಭವನೀಯತೆ 4,300ರಲ್ಲಿ ಒಂದಾಗುತ್ತದೆ. ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದು ದಾಟಿದರೆ ಉಪಗ್ರಹವನ್ನು ಪಕ್ಕಕ್ಕೆ ಸರಿಸುತ್ತಾರೆ. ಆದರೆ ಅನಿಶ್ಚಿತತೆ ಇನ್ನೂ ಹೆಚ್ಚಿ 2 ಕಿಲೋಮೀಟರ್ ಆಯಿತೆನ್ನಿ. ಸಂಭವನೀಯತೆ ಮತ್ತೆ ಇಳಿದು ಮೂರು ಲಕ್ಷದಲ್ಲಿ ಒಂದಾಗುತ್ತದೆ. ವಸ್ತು ಎಲ್ಲಿದೆಯೆಂದು ತಿಳಿಯದಿದ್ದಷ್ಟೂ ಲೆಕ್ಕ ಧೈರ್ಯ ಹೇಳುತ್ತದೆ! ಆದ್ದರಿಂದ ಅನುಭವಿ ತಂಡಗಳು ಬಂದ ಅಂಕಿಯೊಂದನ್ನೇ ನಂಬಿ ಕೂರುವುದಿಲ್ಲ. ಅನಿಶ್ಚಿತತೆಯನ್ನು ಹಿಗ್ಗಿಸಿ ಕುಗ್ಗಿಸಿ, ಆ ಅಂತರಕ್ಕೆ ಬರಬಹುದಾದ ಗರಿಷ್ಠ ಸಂಭವನೀಯತೆ ಎಷ್ಟು ಎಂದು ಪರೀಕ್ಷಿಸುತ್ತವೆ. ಅದು ಹೆಚ್ಚಿದ್ದರೆ ಹೊಸ ರಾಡಾರ್ ಅಳತೆ ಬರುವವರೆಗೂ ಕಡತ ಮುಚ್ಚುವುದಿಲ್ಲ.

ಡಿಕ್ಕಿಯ ಹೊಡೆತವನ್ನೂ ಅಳೆಯೋಣ. ಒಂದು ಸೆಂಟಿಮೀಟರ್ ವ್ಯಾಸದ ಅಲ್ಯೂಮಿನಿಯಂ ಗುಂಡಿನ ತೂಕ 1.4 ಗ್ರಾಂ. ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ 70 ಸಾವಿರ ಜೌಲ್, ಅಂದರೆ ಗಂಟೆಗೆ 43 ಕಿ.ಮೀ. ವೇಗದಲ್ಲಿ ಬರುವ ಒಂದು ಟನ್ ಕಾರಿನದಷ್ಟು. ಉಪಗ್ರಹದ ಪ್ರತಿ ಗ್ರಾಂಗೆ 40 ಜೌಲ್‌ನಷ್ಟು ಶಕ್ತಿ ಬಿದ್ದರೆ ಅದು ಇಡಿಯಾಗಿ ಛಿದ್ರವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಳತೆಗೋಲು. ಈ ಲೆಕ್ಕದಲ್ಲಿ 500 ಕಿಲೋ ತೂಕದ ಉಪಗ್ರಹವನ್ನು ಪುಡಿ ಮಾಡಲು 400 ಗ್ರಾಂ ತುಂಡು ಸಾಕು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಅಂದಾಜಿನಂತೆ 10 ಸೆಂ.ಮೀ.ಗಿಂತ ದೊಡ್ಡ ವಸ್ತುಗಳು ಸುಮಾರು 54 ಸಾವಿರ. 1ರಿಂದ 10 ಸೆಂ.ಮೀ. ನಡುವಿನವು ಸುಮಾರು 12 ಲಕ್ಷ. ಈ ಎರಡನೆಯ ಗುಂಪೇ ಹೆಚ್ಚು ಕಾಡುವುದು: ಉಪಗ್ರಹವನ್ನು ಕೊಲ್ಲುವಷ್ಟು ದೊಡ್ಡವು, ಒಂದೊಂದನ್ನೂ ಬೆನ್ನುಹತ್ತಿ ಎಚ್ಚರಿಕೆ ಕೊಡಲಾರದಷ್ಟು ಚಿಕ್ಕವು.

ಡಿಕ್ಕಿಯ ಚೂರುಗಳೇ ಮತ್ತಷ್ಟು ಡಿಕ್ಕಿಗಳಿಗೆ ಕಾರಣವಾಗುತ್ತವೆ ಎಂದು ನಾಸಾ ವಿಜ್ಞಾನಿಗಳಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೈ 1978ರಲ್ಲಿ ಮಾಡಿದ ವಾದದ ತಿರುಳು ಅನಿಲದ ಅಣುಗಳ ಗಣಿತವೇ. ಸಾಂದ್ರತೆ, ವೇಗ, ಅಡ್ಡಕೊಯ್ತದ ವಿಸ್ತೀರ್ಣ ಮೂರನ್ನೂ ಗುಣಿಸಿದರೆ ಡಿಕ್ಕಿಯ ದರ ಸಿಗುತ್ತದೆ. 800ರಿಂದ 900 ಕಿ.ಮೀ. ಎತ್ತರದ ಪದರದ ಗಾತ್ರ ಸುಮಾರು 6,600 ಕೋಟಿ ಘನ ಕಿಲೋಮೀಟರ್. ಅದರಲ್ಲಿ 3,000 ವಸ್ತುಗಳಿದ್ದು, ಯಾವ ಜೋಡಿ ಎದುರಾದರೂ ವೇಗ ಅದೇ ಸೆಕೆಂಡಿಗೆ 10 ಕಿ.ಮೀ., ತಾಗುವ ವಿಸ್ತೀರ್ಣ 10 ಚದರ ಮೀಟರ್ ಎಂದುಕೊಂಡರೆ, ಒಂದು ವಸ್ತುವಿಗೆ ವರ್ಷದಲ್ಲಿ ಡಿಕ್ಕಿಯಾಗುವ ಸಾಧ್ಯತೆ ಏಳು ಸಾವಿರದಲ್ಲಿ ಒಂದು. ಕೇಳಲು ಚಿಕ್ಕದು. ಆದರೆ ಇಡೀ ಪದರಕ್ಕೆ ಅದು ಐದು ವರ್ಷಕ್ಕೊಂದು ಡಿಕ್ಕಿ. ವಸ್ತುಗಳು 6,000 ಆದರೆ ಡಿಕ್ಕಿಗಳು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತವೆ. ಚೂರುಗಳು ಮತ್ತೆ ಚೂರುಗಳನ್ನು ಹೆರುತ್ತವೆ.

ಹಾಗಾದರೆ ವಸ್ತುಗಳ ಸಂಖ್ಯೆ ಎಲ್ಲಿಗೆ ನಿಲ್ಲುತ್ತದೆ? ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ, ಅರ್ಥಶಾಸ್ತ್ರದಲ್ಲಿದೆ. ಕಳೆದ ಹತ್ತು ಹನ್ನೆರಡು ವರ್ಷಗಳ ಸೈದ್ಧಾಂತಿಕ ಕೆಲಸದ ನಿಜವಾದ ಗಳಿಕೆ ಇದೇ ಎಂಬುದು ನನ್ನ ಅಭಿಪ್ರಾಯ. ಉಪಗ್ರಹಕ್ಕೆ ಹೂಡಿದ ಪ್ರತಿ 100ಕ್ಕೆ ವರ್ಷಕ್ಕೆ 12 ಬರುತ್ತದೆ, ಅದೇ ಹಣ ಬೇರೆ ಕಡೆ 8 ತರುತ್ತದೆ ಎನ್ನೋಣ. ವ್ಯತ್ಯಾಸ 4. ಕಕ್ಷೆ ಯಾರಿಗೂ ಸೇರಿದ್ದಲ್ಲ, ಹೋಗಲು ತಡೆಯಿಲ್ಲ ಎಂದಾದರೆ, ವರ್ಷಕ್ಕೆ ಉಪಗ್ರಹ ಕಳೆದುಕೊಳ್ಳುವ ಅಪಾಯ ಶೇಕಡಾ 4 ಮುಟ್ಟುವವರೆಗೂ ಹೊಸಬರು ಬರುತ್ತಲೇ ಇರುತ್ತಾರೆ. ಅಷ್ಟು ಹೊತ್ತಿಗೆ ಲಾಭವೆಲ್ಲ ಅಪಾಯವೇ ತಿಂದುಹಾಕಿರುತ್ತದೆ. ಈಗ ಉಪಗ್ರಹದ ಮತ್ತು ಉಡಾವಣೆಯ ಒಟ್ಟು ವೆಚ್ಚ ಅರ್ಧಕ್ಕಿಳಿಯಿತೆನ್ನಿ. ಅದೇ 12 ಆದಾಯ 50ರ ಮೇಲೆ ಶೇಕಡಾ 24 ಆಗುತ್ತದೆ. ಸಹಿಸಬಹುದಾದ ಅಪಾಯ 4ರಿಂದ 16ಕ್ಕೆ ಜಿಗಿಯುತ್ತದೆ. ಸ್ಪರ್ಧೆಯಿಂದ ಸೇವೆಯ ದರವೂ ಕುಸಿಯುವುದರಿಂದ ವಾಸ್ತವದಲ್ಲಿ ಏರಿಕೆ ಇಷ್ಟು ಕಡಿದಾಗಿರದು. ದಿಕ್ಕು ಮಾತ್ರ ಬದಲಾಗುವುದಿಲ್ಲ: ಅಗ್ಗದ ರಾಕೆಟ್ ಕಕ್ಷೆಯನ್ನು ಹೆಚ್ಚು ಅಪಾಯಕಾರಿಯಾಗಿಸುತ್ತದೆ.

ಕಸ ಗುಡಿಸುವ ನೌಕೆಗಳ ಬಗ್ಗೆ ಇರುವ ಭರವಸೆಯೂ ಇಲ್ಲೇ ಎಡವುತ್ತದೆ. ಗುಡಿಸುವ ಖರ್ಚನ್ನು ಉಪಗ್ರಹದ ಒಡೆಯರು ಹೊರದಿದ್ದರೆ, ಸ್ವಚ್ಛವಾದ ಜಾಗಕ್ಕೆ ಇನ್ನಷ್ಟು ಉಪಗ್ರಹಗಳು ಬಂದು ಅಪಾಯ ಹಳೆಯ ಮಟ್ಟಕ್ಕೇ ಮರಳುತ್ತದೆ. ಕಾನೂನಿನ ಗಂಟು ಬೇರೆ ಇದೆ. 1967ರ ಬಾಹ್ಯಾಕಾಶ ಒಪ್ಪಂದದ 8ನೇ ವಿಧಿಯಂತೆ ಸತ್ತ ಉಪಗ್ರಹದ ಮೇಲೂ ಅದನ್ನು ನೋಂದಾಯಿಸಿದ ದೇಶದ ಅಧಿಕಾರ ಉಳಿದೇ ಇರುತ್ತದೆ, ಒಡೆತನವೂ ಬದಲಾಗುವುದಿಲ್ಲ. ಅನುಮತಿಯಿಲ್ಲದೆ ಇನ್ನೊಬ್ಬರು ಅದನ್ನು ಎಳೆದು ತರುವಂತಿಲ್ಲ.

ಸಂಶೋಧಕರಾದ ಅಖಿಲ್ ರಾವ್, ಮ್ಯಾಥ್ಯೂ ಬರ್ಗೆಸ್ ಮತ್ತು ಡೇನಿಯಲ್ ಕ್ಯಾಫಿನ್ 2020ರಲ್ಲಿ ಮುಂದಿಟ್ಟ ಪರಿಹಾರ ಕಕ್ಷೆಗೆ ಬಾಡಿಗೆ. ಎಲ್ಲ ದೇಶಗಳೂ ಒಟ್ಟಾಗಿ ವಿಧಿಸಿ, ಕ್ರಮೇಣ ಏರಿಸಿ, 2040ರ ವೇಳೆಗೆ ಉಪಗ್ರಹವೊಂದಕ್ಕೆ ವರ್ಷಕ್ಕೆ ಸುಮಾರು 2,35,000 ಡಾಲರ್ ಮುಟ್ಟಿಸಿದರೆ, ಉಪಗ್ರಹ ಉದ್ಯಮದ ದೀರ್ಘಾವಧಿ ಮೌಲ್ಯ ಸುಮಾರು 600 ಶತಕೋಟಿ ಡಾಲರಿನಿಂದ 3 ಲಕ್ಷ ಕೋಟಿ ಡಾಲರಿಗೆ ಏರುತ್ತದೆ ಎಂದು ಅವರ ಮಾದರಿ ಹೇಳಿತು. ಬಾಡಿಗೆ ಕಟ್ಟುವವರೇ ಇಲ್ಲಿ ಹೆಚ್ಚು ಗಳಿಸುತ್ತಾರೆ, ಏಕೆಂದರೆ ಅವರ ಉಪಗ್ರಹಗಳು ಒಡೆಯುವುದು ಕಡಿಮೆಯಾಗುತ್ತದೆ.

ಬಾಡಿಗೆಯನ್ನು ಉಡಾವಣೆಯ ದಿನ ಒಮ್ಮೆಲೇ ವಸೂಲು ಮಾಡಬಾರದೇಕೆ? ಅಪಾಯ ಹುಟ್ಟುವುದು ಮೇಲಕ್ಕೆ ಹೋಗುವ ಕ್ಷಣದಿಂದಲ್ಲ, ಮೇಲೆ ಉಳಿಯುವ ಪ್ರತಿ ದಿನದಿಂದ. ಒಂದು ಸಲ ತೆರಿಗೆ ಕಟ್ಟಿದವರಿಗೆ ಬೇಗ ಇಳಿಯುವ ಕಾರಣವೇ ಇಲ್ಲ. ಇಳಿಯುವುದಕ್ಕೆ ಖರ್ಚೂ ಇದೆ. 800 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಯಿಂದ ವಾತಾವರಣಕ್ಕೆ ನೇರವಾಗಿ ಇಳಿಸಲು ವೇಗವನ್ನು ಸೆಕೆಂಡಿಗೆ ಸುಮಾರು 210 ಮೀಟರ್ ತಗ್ಗಿಸಬೇಕು. ಹೈಡ್ರಜೀನ್ ಇಂಧನದ 500 ಕಿಲೋ ಉಪಗ್ರಹಕ್ಕೆ ಇದು ಸುಮಾರು 46 ಕಿಲೋ ಇಂಧನ. ಅಷ್ಟನ್ನು ಕೊನೆಯ ದಿನಕ್ಕೆಂದು ಮುಟ್ಟದೆ ಇಡುವ ಬದಲು, ಇನ್ನಷ್ಟು ಕಾಲ ದುಡಿಸಿಕೊಳ್ಳೋಣ ಎಂದು ಒಡೆಯರಿಗೆ ಅನ್ನಿಸುವುದು ಸಹಜ. ವಾರ್ಷಿಕ ಬಾಡಿಗೆ ಆ ಲೆಕ್ಕವನ್ನು ತಿರುಗಿಸುತ್ತದೆ. ಜೊತೆಗೆ ಎತ್ತರಕ್ಕೆ ತಕ್ಕಂತೆ ದರವೂ ಬೇರೆಯಾಗಬೇಕು. 600 ಕಿ.ಮೀ.ಗಿಂತ ಕೆಳಗಿನ ಕಸವನ್ನು ತೆಳುಗಾಳಿಯ ಎಳೆತ ಕೆಲವೇ ವರ್ಷಗಳಲ್ಲಿ ಇಳಿಸುತ್ತದೆ. 800ರಲ್ಲಿ ಅದಕ್ಕೆ ಶತಮಾನಗಳು ಬೇಕು. 1,000 ದಾಟಿದರೆ ಸಾವಿರ ವರ್ಷ, ಅದಕ್ಕೂ ಹೆಚ್ಚು.

ಈ ಎಳೆತವೂ ಸ್ಥಿರವಲ್ಲ. ಇಂಗಾಲದ ಡೈಆಕ್ಸೈಡ್ ನೆಲದ ಬಳಿ ಶಾಖ ಹಿಡಿದಿಡುತ್ತದೆ. ಆದರೆ ಗಾಳಿ ತೀರಾ ವಿರಳವಾಗಿರುವ ಥರ್ಮೋಸ್ಫಿಯರ್‌ನಲ್ಲಿ ಅದು ಸುತ್ತಲಿನ ಅಣುಗಳ ಶಾಖ ಪಡೆದು ಅವಕೆಂಪು ಕಿರಣವಾಗಿ ಬಾಹ್ಯಾಕಾಶಕ್ಕೆ ಸೂಸಿಬಿಡುತ್ತದೆ. ಹಾಗಾಗಿ ಆ ಪದರ ತಣಿದು ಕುಗ್ಗುತ್ತದೆ, ಉಪಗ್ರಹಗಳ ಎತ್ತರದಲ್ಲಿ ಗಾಳಿ ಇನ್ನೂ ತೆಳುವಾಗುತ್ತದೆ, ಕಸ ಇನ್ನೂ ನಿಧಾನವಾಗಿ ಇಳಿಯುತ್ತದೆ. ಸಂಶೋಧಕರಾದ ವಿಲಿಯಂ ಪಾರ್ಕರ್, ಮ್ಯಾಥ್ಯೂ ಬ್ರೌನ್ ಮತ್ತು ರಿಚರ್ಡ್ ಲಿನಾರೆಸ್ 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೊರಸೂಸುವಿಕೆ ಹೆಚ್ಚಾಗಿಯೇ ಮುಂದುವರಿದರೆ 200ರಿಂದ 1,000 ಕಿ.ಮೀ. ನಡುವಿನ ಕಕ್ಷೆಗಳು ಸುರಕ್ಷಿತವಾಗಿ ಹೊರಬಲ್ಲ ಉಪಗ್ರಹಗಳ ಸಂಖ್ಯೆ 2100ರ ಹೊತ್ತಿಗೆ ಶೇಕಡಾ 50ರಿಂದ 66ರಷ್ಟು ಕುಸಿಯುತ್ತದೆ.

ಇದರ ಪರಿಣಾಮ ವಿನ್ಯಾಸಕಾರರ ಮೇಜಿಗೇ ಬರುತ್ತದೆ. ಉಪಗ್ರಹಗಳಿಗೆ ಪರವಾನಗಿ ಕೊಡುವ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2022ರಲ್ಲಿ, ಕೆಲಸ ಮುಗಿದ ಉಪಗ್ರಹ ಕೆಳಗಿಳಿಯಲು ಇದ್ದ 25 ವರ್ಷಗಳ ಗಡುವನ್ನು 5ಕ್ಕೆ ಇಳಿಸಿತು. ಗಾಳಿಯ ಎಳೆತವನ್ನೇ ನಂಬಿ, ಇಂಧನ ಉಳಿಸಿ, ಐದನೇ ವರ್ಷದ ಅಂಚಿನಲ್ಲಿ ಬೀಳುವಂತೆ ಯೋಜಿಸಿದ ಉಪಗ್ರಹ, ಮುಂದಿನ ದಶಕಗಳ ತೆಳುವಾದ ಗಾಳಿಯಲ್ಲಿ ಆ ಗಡುವನ್ನು ತಪ್ಪಿಸುತ್ತದೆ. ಅಂಥ ಉಪಗ್ರಹವನ್ನು ಈಗಲೇ ಇನ್ನಷ್ಟು ಕೆಳಗಿನ ಕಕ್ಷೆಗೆ ಯೋಜಿಸಬೇಕು, ಇಲ್ಲವೇ ಇಳಿಯುವ ಇಂಧನವನ್ನು ಜೊತೆಗೇ ಕಳಿಸಬೇಕು.