ಕಪ್ಪು ಬಾವುಟದ ಲೆಕ್ಕ: ಬಿಸಿಲಿಗೆ ಆಟ ನಿಲ್ಲಿಸುವುದು ಯಾವಾಗ?

ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ 41 ಡಿಗ್ರಿ, ಮಂಗಳೂರಿನಲ್ಲಿ 33 ಎಂದುಕೊಳ್ಳಿ. ಫುಟ್‌ಬಾಲ್ ಆಡಲು ಯಾವ ಊರು ವಾಸಿ? ಥರ್ಮಾಮೀಟರ್ ನಂಬುವವರು ಮಂಗಳೂರು ಎನ್ನುತ್ತಾರೆ. ಎರಡೂ ಕಡೆ ಮಡಕೆ ನೀರು ಕುಡಿದವರು ಸ್ವಲ್ಪ ತಡೆಯುತ್ತಾರೆ. ಕಲಬುರಗಿಯ ಒಣಗಾಳಿಗೆ ಮಡಕೆಯ ಮೈಯ ತೇವ ಬೇಗ ಆರಿ ಒಳಗಿನ ನೀರು ತಣ್ಣಗಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಅಷ್ಟು ತಂಪಾಗುವುದಿಲ್ಲ. ಓಡುವವರ ಮೈಗೂ ಇದೇ ಲೆಕ್ಕ: ಬೆವರು ಸುರಿದರೆ ಸಾಲದು, ಆರಬೇಕು.

ಈ ಸಂಗತಿಗೆ ಕ್ರೀಡಾಲೋಕ ಬಹಳ ತಡವಾಗಿ ಕಣ್ಣು ತೆರೆಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಾಜಾರೊ ಕುಸಿದು ಬಿದ್ದು, ಮರುದಿನ ತೀರಿಕೊಂಡರು. ಆ ಮೇಲೂ ನಾಲ್ಕು ದಶಕ ‘ಸಹಿಸಿಕೊಳ್ಳುವುದೇ ಆಟಗಾರನ ಗುಣ’ ಎಂಬ ಮಾತಿನಲ್ಲೇ ಕಳೆಯಿತು. ಕೊನೆಗೆ ಲೆಕ್ಕ ಹುಟ್ಟಿದ್ದು ಮೈದಾನದಲ್ಲಲ್ಲ, ಸೇನಾ ಶಿಬಿರದಲ್ಲಿ. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಪ್ಯಾರಿಸ್ ಐಲ್ಯಾಂಡ್‌ನಲ್ಲಿ ತರಬೇತಿಗೆ ಬಂದ ಮರೀನ್ ಯುವಕರು ಬಿಸಿಲಿಗೆ ಉರುಳುತ್ತಿದ್ದರು. ಯಾಗ್ಲೂ ಮತ್ತು ಮಿನಾರ್ಡ್ ಎಂಬ ಸಂಶೋಧಕರು 1957ರಲ್ಲಿ ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್, ಅಂದರೆ ಡಬ್ಲ್ಯುಬಿಜಿಟಿ ಎಂಬ ಸೂಚ್ಯಂಕವನ್ನು ಪ್ರಕಟಿಸಿದರು. ಮುಂದೆ ಸೇನೆ ಅದಕ್ಕೆ ಬಣ್ಣದ ಬಾವುಟಗಳನ್ನು ಜೋಡಿಸಿತು. 90 ಫ್ಯಾರನ್‌ಹೀಟ್, ಅಂದರೆ 32.2 ಸೆಲ್ಸಿಯಸ್ ಮುಟ್ಟಿದರೆ ಕಪ್ಪು ಬಾವುಟ, ಅಂದರೆ ಬಯಲಿನ ಕಠಿಣ ಕಸರತ್ತು ಬಂದ್. ಈ ಸಂಖ್ಯೆ ನೆನಪಿರಲಿ.

ಸೂತ್ರ ಸರಳ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್‌ನ ಅಂಕಿಗೆ ಹತ್ತರಲ್ಲಿ ಏಳು ಪಾಲು, ಬಿಸಿಲಿಗೆ ಇಟ್ಟ ಕಪ್ಪು ಲೋಹದ ಗೋಳದೊಳಗಿನ ಅಂಕಿಗೆ ಎರಡು ಪಾಲು, ಮಾಮೂಲಿ ಗಾಳಿಯ ಉಷ್ಣಾಂಶಕ್ಕೆ ಒಂದೇ ಪಾಲು. ಮಂಗಳೂರಿನಲ್ಲಿ ಒದ್ದೆ ಬಟ್ಟೆ 29, ಗೋಳ 45, ಗಾಳಿ 33 ತೋರಿಸಿದರೆ ಮೊತ್ತ 32.6. ಕಲಬುರಗಿಯಲ್ಲಿ 25, 54, 41 ಇದ್ದರೆ 32.4. ಗಾಳಿಯಲ್ಲಿ ಎಂಟು ಡಿಗ್ರಿ ಅಂತರ; ಮೈಗೆ ತಟ್ಟುವ ಅಪಾಯ ಹೆಚ್ಚುಕಮ್ಮಿ ಒಂದೇ. ಟಿವಿಯಲ್ಲಿ ಬರುವುದು ಮಾತ್ರ ಆ ಒಂದು ಪಾಲಿನ ಅಂಕಿ.

ಉಪಕರಣ ಇದ್ದೂ ತಪ್ಪುವುದು ಇಲ್ಲೇ. ಮೀಟರ್ ಅನ್ನು ಪೆವಿಲಿಯನ್‌ನ ನೆರಳಿನಲ್ಲಿ ಇಡುತ್ತಾರೆ, ಆಟ ನಡೆಯುವುದು ಕೃತಕ ಹುಲ್ಲಿನ ಕಾವಲಿಯ ಮೇಲೆ. ಕೈಯಲ್ಲಿ ಹಿಡಿದರೆ ಹಿಡಿದವರ ಮೈ ಗಾಳಿಗೆ ಅಡ್ಡವಾಗುತ್ತದೆ; ಸುಮಾರು 1.1 ಮೀಟರ್ ಎತ್ತರದ ಸ್ಟ್ಯಾಂಡ್ ಮೇಲೆ, ಬಯಲಲ್ಲಿ ನಿಲ್ಲಿಸಬೇಕು. ಬಟ್ಟೆ ಒಣಗಿದರೆ, ಕೊಳೆಯಾದರೆ ಅಥವಾ ನಲ್ಲಿ ನೀರಿನ ಉಪ್ಪು ಕಟ್ಟಿದರೆ ಅಂಕಿ ಕೆಡುತ್ತದೆ, ಡಿಸ್ಟಿಲ್ಡ್ ನೀರೇ ಬೇಕು. 150 ಮಿಲಿಮೀಟರ್ ಗೋಳ ಬಿಸಿಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಸ್ವಿಚ್ ಹಾಕಿದ ಕೂಡಲೇ ಬರೆದುಕೊಂಡ ಅಂಕಿ ಸುಳ್ಳು. ಬೆಳಿಗ್ಗೆ ಒಮ್ಮೆ ನೋಡಿ ಸಂಜೆಯವರೆಗೆ ಅದನ್ನೇ ಜಪಿಸುವುದೂ ಉಂಟು. ಅರ್ಧ ಗಂಟೆಗೊಮ್ಮೆಯಾದರೂ ಅಳೆಯದಿದ್ದರೆ ಮೀಟರ್ ಇದ್ದೂ ಇಲ್ಲದಂತೆ. ಇನ್ನು ಫೋನಿನ ‘ಫೀಲ್ಸ್ ಲೈಕ್’: ಬಹುತೇಕ ಅದು ನೆರಳಿನಲ್ಲಿ ನಡೆದುಹೋಗುವವರ ಲೆಕ್ಕ. ಪ್ಯಾಡು, ಹೆಲ್ಮೆಟ್ ತೊಟ್ಟು ವಿಕೆಟ್‌ಗಳ ನಡುವೆ ಓಡುವವರದಲ್ಲ.

ಆಟಗಳು ಈ ಲೆಕ್ಕವನ್ನು ಒಂದೊಂದಾಗಿ, ಪ್ರತಿ ಬಾರಿಯೂ ಒಂದು ಪೆಟ್ಟು ತಿಂದ ಮೇಲೆ ಕೈಗೆತ್ತಿಕೊಂಡವು. 2014ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಸತತ ನಾಲ್ಕು ದಿನ 41 ಡಿಗ್ರಿ ದಾಟಿದಾಗ ಆಸ್ಟ್ರೇಲಿಯನ್ ಓಪನ್ ಆಡುತ್ತಿದ್ದ ಕೆನಡಾದ ಟೆನಿಸ್ ಆಟಗಾರ ಫ್ರಾಂಕ್ ಡಾನ್ಸೆವಿಚ್ ಅಂಗಳದಲ್ಲೇ ಎಚ್ಚರ ತಪ್ಪಿದರು. ಆ ಟೂರ್ನಿಗೆ ಬಿಸಿಲಿನ ಅಪಾಯವನ್ನು ಒಂದರಿಂದ ಐದರವರೆಗೆ ಅಳೆಯುವ ಮಾಪಕ ಬಂದದ್ದು 2019ರಲ್ಲಿ. ಅದೇ 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ಫಿಫಾ ಡಬ್ಲ್ಯುಬಿಜಿಟಿ 32ರ ಮಿತಿ ಇಟ್ಟುಕೊಂಡು ಮೂರು ನಿಮಿಷದ ತಂಪು ವಿರಾಮ ಕೊಟ್ಟಿತು. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್ ಕೂಟದ ಮಹಿಳಾ ಮ್ಯಾರಥಾನ್ ನಡುರಾತ್ರಿಗೆ ಶುರುವಾಯಿತು. ಸೂರ್ಯನೇನೋ ಇರಲಿಲ್ಲ, 32 ಡಿಗ್ರಿ ದಾಟಿದ ಗಾಳಿ, 70 ಶೇಕಡಾ ಮೀರಿದ ತೇವ ಇದ್ದವು. ಹೊರಟ 68 ಮಂದಿಯಲ್ಲಿ ಗುರಿ ಮುಟ್ಟಿದವರು 40. ಕೆಲವೇ ವಾರಗಳಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್ ಅನ್ನು ಉತ್ತರದ ಸಪೊರೊಗೆ ಸಾಗಿಸಲಾಯಿತು.

ಕ್ರಿಕೆಟ್ ಬಹುಮಟ್ಟಿಗೆ ಇನ್ನೂ ಅಂದಾಜಿನಲ್ಲೇ ಇದೆ. 1986ರ ಮದ್ರಾಸ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಡೀನ್ ಜೋನ್ಸ್ ವಾಂತಿ ಮಾಡಿಕೊಳ್ಳುತ್ತಲೇ 210 ಹೊಡೆದು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡದ್ದನ್ನು ನಾವು ಇಂದಿಗೂ ಸಾಹಸವೆಂದೇ ಹೇಳುತ್ತೇವೆ. ಹವಾಮಾನ ಅಪಾಯಕಾರಿ ಎನಿಸಿದರೆ ಅಂಪೈರ್‌ಗಳು ಆಟ ನಿಲ್ಲಿಸಬಹುದು ಎಂದು ನಿಯಮದಲ್ಲಿದೆ. ಎಷ್ಟು ಡಿಗ್ರಿಗೆ ಎಂದು ಇಲ್ಲ. ಮಂದ ಬೆಳಕಿಗೆ ಲೈಟ್ ಮೀಟರ್ ಹಿಡಿದು ನೋಡುವ ಆಟ ಇದು!

2026ರಿಂದ ಪುರುಷರ ಎಟಿಪಿ ಟೆನಿಸ್‌ನಲ್ಲಿ ಡಬ್ಲ್ಯುಬಿಜಿಟಿ 30.1 ಮುಟ್ಟಿದರೆ ಎರಡನೇ ಸೆಟ್ ಬಳಿಕ ಹತ್ತು ನಿಮಿಷದ ವಿರಾಮ ಕೇಳಬಹುದು, 32.2 ದಾಟಿದರೆ ಆಟ ಬಂದ್. ಪ್ಯಾರಿಸ್ ಐಲ್ಯಾಂಡ್‌ನ ಕಪ್ಪು ಬಾವುಟ ಅಂಗಳಕ್ಕೆ ಬರಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಆದರೆ ಆ ಮಿತಿಯ ಕೆಳಗೆಲ್ಲ ಕ್ಷೇಮ ಎಂದೇನಲ್ಲ. ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ತಂಪು ಊರಿನಿಂದ ನಿನ್ನೆ ರಾತ್ರಿ ರೈಲಿಳಿದ ತಂಡಕ್ಕೆ 28 ಕೂಡ ಜಾಸ್ತಿಯೇ. ಮಿತಿ ಮೇಲಿದ್ದಷ್ಟೂ ವೇಳಾಪಟ್ಟಿಗೆ ಅನುಕೂಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮ ತಾಲ್ಲೂಕು ಟೂರ್ನಿಗಳಿಗೆ ದುಬಾರಿ ಮೀಟರ್ ಸಿಗದಿರಬಹುದು. ಮೈ ಮುಳುಗುವಷ್ಟು ದೊಡ್ಡ ಟಬ್, ನೀರು, ಐಸ್ ಸಿಗುತ್ತವೆ. ಓಡುತ್ತಿದ್ದವರು ತಡವರಿಸಿದರೆ, ಅಸಂಬದ್ಧ ಮಾತಾಡಿದರೆ, ದಿಕ್ಕು ತಪ್ಪಿ ನಡೆದರೆ ಒಳಮೈ 40 ಡಿಗ್ರಿ ದಾಟಿರಬಹುದು. ಹಣೆಗೆ ಹಿಡಿಯುವ ಗನ್ ಅದನ್ನು ಹೇಳದು, ಗುದದ್ವಾರದ ಥರ್ಮಾಮೀಟರ್ ಮಾತ್ರ ನಂಬಿಕಸ್ತ. ಮೈ ಬೆವರಿದೆ, ಹಾಗಾಗಿ ಬಿಸಿಲಾಘಾತವಲ್ಲ ಎನ್ನುವಂತಿಲ್ಲ, ಆಟಗಾರರಲ್ಲಿ ಬೆವರುತ್ತಲೇ ಅದು ಬಡಿಯುತ್ತದೆ. ಆಂಬುಲೆನ್ಸ್‌ಗೆ ಕರೆ ಮಾಡಿ, ತಲೆ ಮೇಲಿರುವಂತೆ ಕಂಕುಳಿಗೆ ಟವೆಲ್ ಕೊಟ್ಟು ಹಿಡಿದು, ಐಸ್ ನೀರಿನ ಟಬ್ಬಿನಲ್ಲಿ ಕುತ್ತಿಗೆವರೆಗೆ ಮುಳುಗಿಸಿ ನೀರು ಕಲಕುತ್ತಿರಬೇಕು. 39ಕ್ಕೆ ಇಳಿದ ಮೇಲೆ ಹೊರಗೆ ತೆಗೆದು ಆಸ್ಪತ್ರೆಗೆ ಸಾಗಿಸುವುದು. ಮೊದಲ ಅರ್ಧ ಗಂಟೆಯೊಳಗೆ ಮೈ ತಂಪಾಗಬೇಕು. ಐಸ್ ತರಲು ಆಗ ಬೈಕ್ ಹತ್ತಿದರೆ ತಡವಾಯಿತು.